ಇಂಟರ್ನೆಟ್, ಮೊಬೈಲ್, ಕೇಬಲ್ ದರ ಹೋಲಿಸುವ ಮುನ್ನ

ಬಡಾವಣೆಯ ಬಂಧುಗಳೇ, ಹೊಸ ಬ್ರಾಡ್‌ಬ್ಯಾಂಡ್ ಹಾಕಿಸುವವರು ಕರಪತ್ರದ ದಪ್ಪ ಅಕ್ಷರದ ದರವನ್ನಷ್ಟೇ ನೋಡಿ ಒಪ್ಪಿಕೊಳ್ಳಬೇಡಿ. ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೀಳುತ್ತದೆ; 499 ರೂಪಾಯಿ ಎಂದದ್ದು ಕಟ್ಟುವಾಗ 589 ಆಗುತ್ತದೆ. ನಮ್ಮ ಮನೆಗೆ ಬಂದ ಹುಡುಗ ರೂಟರ್ ಉಚಿತ ಎಂದಿದ್ದ. ಅರ್ಜಿ ತಿರುಗಿಸಿದರೆ, ಆರು ತಿಂಗಳ ಹಣ ಮುಂಗಡ ಕಟ್ಟಿದವರಿಗೆ ಮಾತ್ರ ಎಂದು ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿತ್ತು. ಸಹಿ ಹಾಕುವ ಮೊದಲು ಆ ಬದಿಯನ್ನೂ ದಯವಿಟ್ಟು ಓದಿ.

ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ತುಂಡಾದರೆ ಎಷ್ಟು ದಿನದಲ್ಲಿ ಬಂದು ಜೋಡಿಸುತ್ತಾರೆ ಎಂದು ಅದೇ ಬೀದಿಯ ಗ್ರಾಹಕರನ್ನು ಕೇಳಿ. ತಿಂಗಳಿಗೆ 50 ರೂಪಾಯಿ ಉಳಿಯುವುದಕ್ಕಿಂತ ಇದು ಮುಖ್ಯ, ಅದರಲ್ಲೂ ಮನೆಯಿಂದಲೇ ಕೆಲಸ ಮಾಡುವವರಿಗೆ.

ಮೊಬೈಲ್‌ನಲ್ಲಿ 28 ದಿನದ ಪ್ಲಾನ್ ತಿಂಗಳ ಪ್ಲಾನ್ ಅಲ್ಲ. ವರ್ಷಕ್ಕೆ 12 ಅಲ್ಲ, 13 ಸಲ ರೀಚಾರ್ಜ್ ಮಾಡಬೇಕಾಗುತ್ತದೆ. ದರವನ್ನು ದಿನಗಳಿಂದ ಭಾಗಿಸಿಯೇ ಹೋಲಿಸಿ. ಕಂಪನಿ ಬದಲಿಸಿದರೂ ನಂಬರ್ ಹಳೆಯದೇ ಉಳಿಯುತ್ತದೆ; ಇಂಗ್ಲಿಷ್‌ನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳುಹಿಸಿ.

ಕೇಬಲ್‌ನವರು ಬಂದಾಗ ಚಾನೆಲ್ ಪಟ್ಟಿ ಕೇಳಿ ಪಡೆದು, ಮನೆಯಲ್ಲಿ ಯಾರೂ ನೋಡದ ಪ್ಯಾಕ್‌ಗಳನ್ನು ತೆಗೆಸಿಬಿಡಿ.