ಮೊದಲ ದುಬಾರಿ ವಾಚು: ಅಂಗಡಿಗೆ ಹೋಗುವ ಮುನ್ನ ಏನು ಅಳೆಯಬೇಕು, ಏನು ಕೇಳಬೇಕು

ಲಕ್ಷುರಿ ವಾಚಿಗೆಂದು ಹಣ ಕೂಡಿಟ್ಟವರು ಮೊದಲು ಕೇಳುವುದು ‘ಯಾವ ಬ್ರ್ಯಾಂಡ್ ಒಳ್ಳೆಯದು?’ ಎಂದು. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಹಣಕ್ಕೆ ಮಿತಿಯಿದ್ದಾಗ ಮೊದಲು ತಿಳಿಯಬೇಕಾದದ್ದು ಎರಡು. ವಾಚಿನೊಳಗಿನ ಮಷೀನನ್ನು ಮುಂದಿನ ಇಪ್ಪತ್ತು ವರ್ಷ ಯಾರು, ಎಷ್ಟು ಖರ್ಚಿನಲ್ಲಿ ರಿಪೇರಿ ಮಾಡಬಲ್ಲರು? ಅದು ನಿಮ್ಮ ಮಣಿಕಟ್ಟಿನ ಮೇಲೆ ಸರಿಯಾಗಿ ಕೂರುತ್ತದೆಯೇ? ಇವೆರಡಕ್ಕೆ ಉತ್ತರ ಸಿಕ್ಕರೆ ನೂರಾರು ವಾಚುಗಳ ಪಟ್ಟಿ ನಾಲ್ಕೈದಕ್ಕೆ ಇಳಿಯುತ್ತದೆ. ಆಮೇಲೆ ಡಯಲಿನ ಬಣ್ಣವನ್ನೂ ಹೆಸರನ್ನೂ ನೆಮ್ಮದಿಯಿಂದ ನೋಡಬಹುದು.

ಹಣವನ್ನು ಮೊದಲೇ ಒಡೆದಿಡಿ

ಕೈಯಲ್ಲಿರುವ ಮೊತ್ತ ನೂರು ಪಾಲು ಎಂದುಕೊಳ್ಳಿ. ವಾಚಿಗೆ 80 ಪಾಲು. ಉಳಿದ 20 ಪಾಲು ಸರ್ವೀಸಿಗೆ, ಅದನ್ನು ಮುಟ್ಟಬೇಡಿ. ಸ್ಪ್ರಿಂಗಿನಿಂದ ನಡೆಯುವ ವಾಚನ್ನು ಸಾಮಾನ್ಯವಾಗಿ ಐದರಿಂದ ಏಳು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ, ತೊಳೆದು, ಹೊಸದಾಗಿ ಎಣ್ಣೆ ಹಾಕಿ ಜೋಡಿಸಬೇಕಾಗುತ್ತದೆ. ಒಳಗೆ ಇಟ್ಟ ಎಣ್ಣೆಯ ಹನಿಗಳು ಸೂಜಿಮೊನೆಯಷ್ಟು ಸಣ್ಣವು. ವರ್ಷ ಕಳೆದಂತೆ ಅವು ಒಣಗುತ್ತವೆ, ಇಲ್ಲವೇ ಜಾಗ ಬಿಟ್ಟು ಹರಡುತ್ತವೆ. ಆದರೂ ವಾಚು ನಡೆಯುತ್ತಲೇ ಇರುತ್ತದೆ, ತೊಂದರೆ ಶುರುವಾಗುವುದೇ ಅಲ್ಲಿ. ಎಣ್ಣೆಯಿಲ್ಲದ ಕಡೆ ಲೋಹ ಉಜ್ಜಿ ಚಕ್ರದ ಹಲ್ಲು, ಅಚ್ಚಿನ ತುದಿ ಸವೆಯುತ್ತವೆ. ‘ನಡೀತಾ ಇದೆಯಲ್ಲ’ ಎಂದು ಹನ್ನೆರಡು ವರ್ಷ ಬಿಟ್ಟ ವಾಚಿಗೆ ಸರ್ವೀಸಿನ ಜೊತೆ ಬಿಡಿಭಾಗಗಳ ಖರ್ಚೂ ಬೀಳುತ್ತದೆ.

ಹಾಗಾಗಿ ಮೊದಲ ವಾಚು ಮೂರು ಮುಳ್ಳಿನದೇ ಇರಲಿ, ಬೇಕಿದ್ದರೆ ತಾರೀಕಿನ ಕಿಂಡಿ ಇರಲಿ. ಸ್ಟಾಪ್‌ವಾಚಿನ ಗುಂಡಿಗಳಿರುವ ಕ್ರೊನೊಗ್ರಾಫ್ ಕಣ್ಣು ಸೆಳೆಯುತ್ತದೆ ನಿಜ. ಆದರೆ ಅದರೊಳಗಿನ ಭಾಗಗಳು ಹೆಚ್ಚು, ಕೆಲಸ ಹೆಚ್ಚು. ಸರ್ವೀಸಿನ ಖರ್ಚು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟಾಗುತ್ತದೆ. ಬೆಲೆ ಒಂದೇ ಆಗಿರುವ ಎರಡು ವಾಚುಗಳಲ್ಲಿ ಕ್ರೊನೊಗ್ರಾಫ್ ಇರುವುದು ಹತ್ತು ವರ್ಷದ ಲೆಕ್ಕಕ್ಕೆ ದುಬಾರಿ.

ಕೈ ಅಳೆಯುವ ಕ್ರಮ

ಅಂಗಡಿಯವರು, ಜಾಹೀರಾತು ಎಲ್ಲ ಹೇಳುವುದು ಕೇಸಿನ, ಅಂದರೆ ವಾಚಿನ ಲೋಹದ ಮೈಯ ವ್ಯಾಸ: 38, 40, 42 ಮಿ.ಮೀ. ಹೀಗೆ. ಕೈಮೇಲೆ ವಾಚು ದೊಡ್ಡದೋ ಚಿಕ್ಕದೋ ಎಂದು ತೀರ್ಮಾನಿಸುವುದು ಇನ್ನೊಂದು ಅಳತೆ. ಪಟ್ಟಿ ಸಿಕ್ಕಿಸಲು ವಾಚಿನ ಮೇಲೆ ಎರಡು, ಕೆಳಗೆ ಎರಡು ಕೊಂಬುಗಳಿರುತ್ತವಲ್ಲ, ಅವಕ್ಕೆ ಲಗ್ ಎನ್ನುತ್ತಾರೆ. ಮೇಲಿನ ಲಗ್‌ನ ತುದಿಯಿಂದ ಕೆಳಗಿನ ಲಗ್‌ನ ತುದಿಯವರೆಗಿನ ಉದ್ದ ಮುಖ್ಯ. ವ್ಯಾಸ 40 ಇರುವ ಎರಡು ವಾಚುಗಳಲ್ಲಿ ಒಂದರ ಉದ್ದ 46, ಇನ್ನೊಂದರದು 50 ಇರಬಹುದು. ಮೊದಲನೆಯದು ಹಿತವಾಗಿ ಕೂರುವ ಕೈಯಲ್ಲಿ ಎರಡನೆಯದು ಮೂಗಿಗಿಂತ ಮೂಗುತಿ ಭಾರವಾದಂತೆ ಕಾಣುತ್ತದೆ.

ಮನೆಯಲ್ಲೇ ಹೀಗೆ ಮಾಡಿ. ಅಂಗೈ ಕೆಳಗೆ ಮಾಡಿ ಕೈಯನ್ನು ಮೇಜಿನ ಮೇಲೆ ಇಡಿ. ಮಣಿಕಟ್ಟಿನ ಗಂಟುಮೂಳೆ ದಾಟಿ, ಮೊಣಕೈ ಕಡೆಗೆ, ವಾಚು ಕೂರುವ ಜಾಗದಲ್ಲಿ ಮೇಲ್ಭಾಗ ಸಪಾಟಾಗಿರುವಷ್ಟು ಅಗಲವನ್ನು ಸ್ಕೇಲಿನಿಂದ ಅಳೆಯಿರಿ. ಆ ಅಗಲದಲ್ಲಿ ಮೂರು–ನಾಲ್ಕು ಮಿ.ಮೀ. ಕಳೆಯಿರಿ. ಬಂದದ್ದು ನಿಮ್ಮ ಲಗ್ ಉದ್ದದ ಮಿತಿ. ಅಗಲ 50 ಬಂದರೆ 46–47ರ ಮೇಲೆ ಹೋಗಬೇಡಿ. ಅಷ್ಟುದ್ದದ ರಟ್ಟಿನ ತುಂಡು ಕತ್ತರಿಸಿ ಕೈಮೇಲಿಟ್ಟು ನೋಡಿ. ತುದಿಗಳು ಅಂಚಿನಿಂದ ಆಚೆ ಚಾಚಿಕೊಂಡರೆ ವಾಚೂ ಹಾಗೆಯೇ ಚಾಚಿಕೊಳ್ಳುತ್ತದೆ. ಆ ರಟ್ಟನ್ನೇ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ.

ಕಣ್ಣು ಮೋಸ ಹೋಗುವ ಜಾಗಗಳು ಇನ್ನೆರಡಿವೆ. ಗಾಜಿನ ಸುತ್ತಲಿನ ಲೋಹದ ಉಂಗುರ ತೆಳ್ಳಗಿದ್ದರೆ ಡಯಲು ದೊಡ್ಡದಾಗಿ ಕಾಣುತ್ತದೆ. ನೋಮೋಸ್ ಕಂಪನಿಯ ಟ್ಯಾಂಜೆಂಟೆ ತೆಳು ಉಂಗುರ, ಉದ್ದ ಲಗ್ ಎರಡೂ ಇರುವುದರಿಂದ ತನ್ನ ಅಂಕಿಗಿಂತ ದೊಡ್ಡದೆನಿಸುತ್ತದೆ. ಟಿಸ್ಸೊ ಪಿಆರ್‌ಎಕ್ಸ್‌ನಂಥ ವಾಚುಗಳಲ್ಲಿ ಚೈನು ಕೇಸಿನಿಂದಲೇ ಮುಂದುವರಿದಂತೆ ಇರುತ್ತದೆ. ಅಲ್ಲಿ ಮೊದಲ ಕೊಂಡಿ ಪೂರ್ತಿ ಮಡಚುವುದಿಲ್ಲವಾದ್ದರಿಂದ ಕೈಮೇಲೆ ಆಗುವ ಉದ್ದ ಕಾಗದದ ಮೇಲಿನ ಉದ್ದಕ್ಕಿಂತ ಹೆಚ್ಚು. ಅಂಥ ವಾಚಿಗೆ ಸಾಮಾನ್ಯ ಬೆಲ್ಟೂ ಹೊಂದುವುದಿಲ್ಲ. ಲಗ್‌ಗಳ ನಡುವಿನ ಅಗಲ 18, 20 ಅಥವಾ 22 ಮಿ.ಮೀ. ಇದ್ದರೆ ಬೆಲ್ಟು ಎಲ್ಲೆಡೆ ಸುಲಭವಾಗಿ ಸಿಗುತ್ತದೆ. 19, 21 ಇದ್ದರೆ ಹುಡುಕಬೇಕಾಗುತ್ತದೆ. ದಪ್ಪ 12 ಮಿ.ಮೀ. ಒಳಗಿದ್ದರೆ ಅಂಗಿಯ ತೋಳಿನ ಕೆಳಗೆ ಸಲೀಸಾಗಿ ನುಸುಳುತ್ತದೆ.

ಮಷೀನಿನ ಹೆಸರು ಕೇಳಿ

‘ಇದರೊಳಗೆ ಯಾವ ಮಷೀನಿದೆ?’ ಎಂದು ಕೇಳಿ, ಬಂದ ಹೆಸರನ್ನು ಬರೆದುಕೊಳ್ಳಿ. ಹಣದ ಮಿತಿಯಲ್ಲಿ ಕೊಳ್ಳುವವರಿಗೆ ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ಇಲ್ಲ. ಈಟಿಎ 2824-2 ಮತ್ತು ಬಹುಪಾಲು ಅದೇ ವಿನ್ಯಾಸದ ಸೆಲ್ಲಿಟಾ ಎಸ್‌ಡಬ್ಲ್ಯೂ200-1 ಎಂಬ ಸ್ವಿಸ್ ಮಷೀನುಗಳು ಹತ್ತಾರು ಬ್ರ್ಯಾಂಡುಗಳಲ್ಲಿವೆ. ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ 8. ಪೂರ್ತಿ ಕೀ ಕೊಟ್ಟರೆ 40 ಗಂಟೆಯ ಆಸುಪಾಸು ನಡೆಯುತ್ತವೆ. ಯಾವ ನುರಿತ ವಾಚ್ ರಿಪೇರಿಯವರಿಗೂ ಇವುಗಳ ಒಳಗುಟ್ಟು ಗೊತ್ತು, ಬಿಡಿಭಾಗವೂ ಸಿಗುತ್ತದೆ. ‘ನಮ್ಮದೇ ಕಾರ್ಖಾನೆಯ ಮಷೀನು’ ಎಂಬ ಮಾತು ಕೇಳಲು ಚೆನ್ನ. ಆದರೆ ಅದರ ಬಿಡಿಭಾಗವನ್ನು ಕಂಪನಿ ಹೊರಗಿನವರಿಗೆ ಮಾರದಿದ್ದರೆ ಪ್ರತಿ ಸರ್ವೀಸಿಗೂ ಕಂಪನಿ ಹೇಳಿದ್ದೇ ದರ. ಮೊದಲ ವಾಚಿಗೆ ನಮ್ಮ ಸಲಹೆ ಎಲ್ಲರಿಗೂ ಗೊತ್ತಿರುವ ಮಷೀನೇ.

ಶುಕ್ರವಾರ ಸಂಜೆ ಬಿಚ್ಚಿಟ್ಟು ಸೋಮವಾರ ಬೆಳಿಗ್ಗೆ ಕಟ್ಟುವವರಿಗೆ 40 ಗಂಟೆ ಸಾಲದು. ಟಿಸ್ಸೊ ವಾಚುಗಳಲ್ಲಿರುವ ಪವರ್‌ಮ್ಯಾಟಿಕ್ 80 ಹೆಸರಿಗೆ ತಕ್ಕಂತೆ 80 ಗಂಟೆ ನಡೆಯುತ್ತದೆ. ಅದಕ್ಕಾಗಿ ಬಡಿತವನ್ನು 21,600ಕ್ಕೆ ಇಳಿಸಿದ್ದಾರೆ. ಸೆಕೆಂಡಿನ ಮುಳ್ಳು ಸ್ವಲ್ಪ ತಡೆದು ತಡೆದು ಸಾಗುವುದು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ, ಕೆಲಸಕ್ಕೆ ಅದರಿಂದ ಕುಂದಿಲ್ಲ. ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮೆಕ್ಯಾನಿಕಲ್‌ನ ಎಚ್-50 ಕೂಡ 80 ಗಂಟೆಯದು. ಅದು ಕೈಯ ಚಲನೆಯಿಂದ ತಾನೇ ಕೀ ತುಂಬಿಕೊಳ್ಳುವುದಿಲ್ಲ, ಕೈಯಿಂದಲೇ ಕೀ ಕೊಡಬೇಕು. ಸ್ವಲ್ಪ ಮೇಲಿನ ದರದಲ್ಲಿ ಟ್ಯೂಡರ್ ತನ್ನ ಹಲವು ವಾಚುಗಳಲ್ಲಿ 70 ಗಂಟೆಯ ಮಷೀನು ಕೊಡುತ್ತದೆ. ಓರಿಸ್ 2020ರಲ್ಲಿ ತಂದ ಕ್ಯಾಲಿಬರ್ 400 ಎಂಬ ಮಷೀನು ಐದು ದಿನ ನಡೆಯುತ್ತದೆ, ಸರ್ವೀಸಿನ ಅವಧಿಯೂ ಹತ್ತು ವರ್ಷ ಎಂದು ಕಂಪನಿ ಹೇಳುತ್ತದೆ. ಬೆಲೆ ಹೋಲಿಸುವಾಗ ಈ ಹತ್ತು ವರ್ಷವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಮಯ ಎಷ್ಟು ಸರಿ ಇರಬೇಕು? ಇಲ್ಲಿ ಅನೇಕರಿಗೆ ನಿರಾಶೆಯಾಗುತ್ತದೆ. ಸೈಕೊ 4ಆರ್36 ಮಷೀನಿಗೆ ಕಂಪನಿ ಕೊಟ್ಟಿರುವ ಮಿತಿ ದಿನಕ್ಕೆ 45 ಸೆಕೆಂಡು ಮುಂದೆ ಅಥವಾ 35 ಸೆಕೆಂಡು ಹಿಂದೆ. ಮಿಯೋಟಾ 9015ರದು 30 ಮುಂದೆ, 10 ಹಿಂದೆ. ಸ್ವಿಟ್ಜರ್ಲೆಂಡಿನ ಸಿಒಎಸ್‌ಸಿ ಸಂಸ್ಥೆ 15 ದಿನ, ಐದು ಭಂಗಿಗಳಲ್ಲಿ, 8, 23, 38 ಡಿಗ್ರಿ ಸೆಲ್ಸಿಯಸ್ ಉಷ್ಣತೆಗಳಲ್ಲಿ ಪರೀಕ್ಷಿಸಿ ಕ್ರೊನೊಮೀಟರ್ ಪ್ರಮಾಣಪತ್ರ ಕೊಡುವುದು ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಎಂಬ ಮಿತಿಯೊಳಗಿನ ಮಷೀನಿಗೆ. ಕಂಪನಿಯ ಮಿತಿ ದೊಡ್ಡದಿದ್ದರೂ ಬಹಳಷ್ಟು ವಾಚುಗಳು ಅದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೆ 20 ಸೆಕೆಂಡು ಮುಂದೆ ಓಡುವ ವಾಚನ್ನು ವಾರಂಟಿಯಲ್ಲಿ ಸರಿಮಾಡಿಸಲು ಹೋದಾಗ ‘ಇದು ಮಿತಿಯೊಳಗೇ ಇದೆ’ ಎಂಬ ಉತ್ತರ ಬರುತ್ತದೆ. ಅದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ಸಮಯದ ನಿಖರತೆಯೇ ಮುಖ್ಯ ಎನ್ನುವವರು ಕ್ವಾರ್ಟ್ಜ್ ಎಂದರೆ ಮೂಗು ಮುರಿಯಬೇಕಿಲ್ಲ. ಸೆಲ್ಲಿನ ಶಕ್ತಿಯಿಂದ ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು ಸಾಮಾನ್ಯ ವಾಚನ್ನೂ ತಿಂಗಳಿಗೆ ಸುಮಾರು 15 ಸೆಕೆಂಡಿನ ವ್ಯತ್ಯಾಸದೊಳಗೆ ಇಡುತ್ತದೆ. ಗ್ರ್ಯಾಂಡ್ ಸೈಕೊ 9ಎಫ್ ಕ್ವಾರ್ಟ್ಜ್ ವರ್ಷಕ್ಕೆ 10 ಸೆಕೆಂಡು. ಸೆಲ್ ಮುಗಿದ ಮೇಲೆ ಒಳಗೇ ಬಿಡಬೇಡಿ. ಅದು ಸೋರಿದರೆ ಸರ್ಕ್ಯೂಟು ಹಾಳು.

ಗಾಜು, ನೀರು

ಗಾಜು ಸಫೈರ್ ಇರಲೇಬೇಕು. ಧೂಳಿನಲ್ಲಿರುವ ಮರಳಿನ ಕಣದ ಗಡಸುತನ ಮೋಸ್ ಅಳತೆಯಲ್ಲಿ 7, ಸಫೈರ್‌ದು 9. ಮಿನರಲ್ ಗಾಜು ಮರಳಿಗಿಂತ ಮೆದು, ಹಾಗಾಗಿ ಅಂಗಿಯ ತೋಳಿಗೆ ಅಂಟಿದ ಧೂಳೇ ಅದನ್ನು ಗೀಚುತ್ತದೆ. ಸಫೈರ್ ಗೀರು ಬೀಳದಿದ್ದರೂ ಗಟ್ಟಿ ನೆಲಕ್ಕೆ ಅಂಚು ಬಡಿದರೆ ಒಡೆಯಬಹುದು.

‘30 ಮೀಟರ್’ ಎಂದು ಬರೆದದ್ದನ್ನು ನಂಬಿ ನೀರಿಗಿಳಿಯಬೇಡಿ. ಅದು ನಿಶ್ಚಲ ಒತ್ತಡದ ಪರೀಕ್ಷೆಯ ಅಂಕಿ. ಕೈ ತೊಳೆಯುವಾಗ ಸಿಡಿಯುವ ನೀರಿಗೆ, ಮಳೆಹನಿಗೆ ಸಾಕು ಎಂದು ಅರ್ಥ. ಈಜಲು 100 ಮೀಟರಿನದು ಬೇಕು. ಡೈವಿಂಗ್ ವಾಚುಗಳಿಗೆ ಐಎಸ್‌ಒ 6425 ಎಂಬ ಬೇರೆಯೇ ಮಾನದಂಡವಿದೆ. ಎಷ್ಟೇ ಮೀಟರಿನದಾದರೂ ಬಿಸಿನೀರ ಸ್ನಾನಕ್ಕೆ ಬೇಡ. ಉಗಿ, ಸೋಪು ಸೇರಿ ರಬ್ಬರ್ ವಾಷರನ್ನು ಬೇಗ ಗಟ್ಟಿಮಾಡುತ್ತವೆ. ವಾಷರ್ ಬಿರುಕು ಬಿಟ್ಟಿದ್ದು ಹೊರಗೆ ಕಾಣುವುದಿಲ್ಲ. ಗಾಜಿನೊಳಗೆ ಮಂಜು ಕಟ್ಟಿದಾಗಲೇ ಗೊತ್ತಾಗುವುದು.

ಕೈಗೆ ತೆಗೆದುಕೊಂಡ ಮೇಲೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದನ್ನು ಒಯ್ಯಿರಿ. ಮುಳ್ಳುಗಳ ಅಂಚು ನೋಡಿ: ಒಳ್ಳೆಯ ಕೆಲಸದಲ್ಲಿ ಅಂಚು ಗೆರೆ ಎಳೆದಂತಿರುತ್ತದೆ, ಅಗ್ಗದ ಕೆಲಸದಲ್ಲಿ ಕತ್ತರಿಸಿದ ಒರಟು ಉಳಿದಿರುತ್ತದೆ. ತಾರೀಕು ಕಿಂಡಿಯ ನಡುವೆ ಕೂತಿದೆಯೇ, 12 ಗಂಟೆಗೆ ಇಟ್ಟಾಗ ಎರಡೂ ಮುಳ್ಳು ಒಂದರ ಮೇಲೊಂದು ಸರಿಯಾಗಿ ನಿಲ್ಲುತ್ತವೆಯೇ ನೋಡಿ. ಮಬ್ಬು ಮೈಯಿಂದ ಹೊಳಪಿನ ಮೈಗೆ ತಿರುಗುವ ಅಂಚು ಚೂಪಾಗಿರಬೇಕು. ತಿರುಪಿನ ಕ್ರೌನ್ (ಕೀ ಕೊಡಲು, ಸಮಯ ಹೊಂದಿಸಲು ಪಕ್ಕದಲ್ಲಿರುವ ಗುಂಡಿ) ಇದ್ದರೆ ಬಿಚ್ಚಿ ಮುಚ್ಚಿ. ಮುಚ್ಚುವಾಗ ಮೊದಲು ಉಲ್ಟಾ ದಿಕ್ಕಿಗೆ ನಿಧಾನ ತಿರುಗಿಸಿ. ಎಳೆ ಎಳೆಗೆ ಕೂತಾಗ ಬೆರಳಿಗೆ ಸಣ್ಣ ‘ಟಕ್’ ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಬಿಗಿ ಮಾಡಬೇಕು. ಹೊಸಬರು ಕ್ರೌನಿನ ಎಳೆ ಹಾಳು ಮಾಡುವುದು ಈ ಒಂದು ಹೆಜ್ಜೆ ತಪ್ಪಿಸುವುದರಿಂದ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ

ಕಡಿಮೆ ಹಣಕ್ಕೆ ಒಂದು ಮೆಟ್ಟಿಲು ಮೇಲಿನ ವಾಚು ಸಿಗುವುದು ಇಲ್ಲಿಯೇ. ಸರ್ವೀಸಿನ ರಸೀದಿ ತೋರಿಸದಿದ್ದರೆ ‘ಸರ್ವೀಸ್ ಆಗಿಲ್ಲ’ ಎಂದೇ ತಿಳಿದು, ಹೇಳಿದ ಬೆಲೆಯಲ್ಲಿ ಒಂದು ಪೂರ್ಣ ಸರ್ವೀಸಿನ ಖರ್ಚು ಕಳೆಯಿರಿ. ಉಳಿದದ್ದು ಆ ವಾಚಿಗೆ ನೀವು ಕೊಡಬಹುದಾದ ಬೆಲೆ.

ಟೈಮ್‌ಗ್ರಾಫರ್ ಎಂಬ ಪುಟ್ಟ ಯಂತ್ರ ವಾಚಿನ ಬಡಿತ ಕೇಳಿ ಮೂರು ಅಂಕಿ ತೋರಿಸುತ್ತದೆ. ವಾಚಿಗೆ 30–40 ಸುತ್ತು ಕೀ ಕೊಡಿಸಿ, ಡಯಲು ಮೇಲೆ ಮಾಡಿ ಇಡಿಸಿ. ಮೊದಲ ಅಂಕಿ ದಿನಕ್ಕೆ ಎಷ್ಟು ಸೆಕೆಂಡು ಮುಂದೆ–ಹಿಂದೆ ಎಂಬುದು. ಎಲ್ಲರೂ ಅದನ್ನೇ ನೋಡುತ್ತಾರೆ, ಆದರೆ ರೆಗ್ಯುಲೇಟರ್ (ವೇಗ ಹೊಂದಿಸುವ ಕಡ್ಡಿ) ಇರುವ ಮಷೀನಿನಲ್ಲಿ ಅದನ್ನು ಎರಡು ನಿಮಿಷದಲ್ಲಿ ತಿರುಗಿಸಿ ಚಂದ ಮಾಡಬಹುದು. ನೀವು ನೋಡಬೇಕಾದದ್ದು ಆಂಪ್ಲಿಟ್ಯೂಡ್, ಅಂದರೆ ಲೋಲಕದಂತೆ ಅತ್ತಿತ್ತ ತೂಗಿ ಸಮಯ ಕಾಯುವ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತದೆ ಎಂಬುದು. 270ರಿಂದ 310 ಇದ್ದರೆ ಆರೋಗ್ಯ. 250ಕ್ಕಿಂತ ಕೆಳಗಿದ್ದರೆ ಎಣ್ಣೆ ಒಣಗಿರುವ ಅಥವಾ ಸವೆತವಿರುವ ಸಂಭವ ಹೆಚ್ಚು. ಸ್ಕ್ರೂ ತಿರುಗಿಸಿ ಇದನ್ನು ಮುಚ್ಚಿಡಲು ಆಗುವುದಿಲ್ಲ. ಯಂತ್ರದಲ್ಲಿ ಲಿಫ್ಟ್ ಆಂಗಲ್ (ಪ್ರತಿ ಬಡಿತದಲ್ಲಿ ಬ್ಯಾಲೆನ್ಸ್ ಚಕ್ರ ತಳ್ಳು ಪಡೆಯುವ ಕೋನ, ಮಷೀನಿಗೆ ತಕ್ಕಂತೆ ಬೇರೆ) ಸರಿ ಇಟ್ಟಿದ್ದಾರೆಯೇ ಎಂದೂ ಕೇಳಿ. ಈಟಿಎ 2824-2ಕ್ಕೆ ಅದು 50 ಡಿಗ್ರಿ. ತಪ್ಪಿದ್ದರೆ ಆಂಪ್ಲಿಟ್ಯೂಡ್ ಅಂಕಿಯೂ ತಪ್ಪು. ಮೂರನೆಯದು ಬೀಟ್ ಎರರ್, ಅಂದರೆ ‘ಟಿಕ್’, ‘ಟಾಕ್’ಗಳ ನಡುವಿನ ಸಮಯದ ಏರುಪೇರು, ಅದು 0.8 ಮಿಲಿಸೆಕೆಂಡಿನ ಒಳಗಿರಲಿ.

ಕೇಸಿನ ಅಂಚುಗಳು ಸಾಬೂನಿನಂತೆ ಉರುಟಾಗಿದ್ದರೆ ಹಲವು ಸಲ ಪಾಲಿಶ್ ಆಗಿದೆ ಎಂದರ್ಥ. ಕಳೆದುಹೋದ ಲೋಹ ಮರಳಿ ಬರುವುದಿಲ್ಲ. ನಾಲ್ಕು ಲಗ್‌ಗಳ ದಪ್ಪ ಒಂದೇ ಇದೆಯೇ ನೋಡಿ. ಚೈನನ್ನು ಒಂದು ತುದಿ ಹಿಡಿದು ಅಡ್ಡಲಾಗಿ ಚಾಚಿದಾಗ ಬಳ್ಳಿಯಂತೆ ಜೋತುಬಿದ್ದರೆ ಕೊಂಡಿಗಳ ಪಿನ್ನು ಸವೆದಿವೆ. ಹಳೆಯ ವಾಚಿನ ಡಯಲು ಅನುಮಾನ ಬರುವಷ್ಟು ಹೊಸದಾಗಿದ್ದು ಅಕ್ಷರದ ಅಂಚು ಹರಡಿದ್ದರೆ ಅದಕ್ಕೆ ಮತ್ತೆ ಬಣ್ಣ ಬಳಿದಿದ್ದಾರೆ.

ಅಧಿಕೃತವಲ್ಲದ ದಾರಿಯಲ್ಲಿ ಬಂದ ಹೊಸ ವಾಚಿಗೆ ರಿಯಾಯಿತಿ ದೊಡ್ಡದು, ಆದರೆ ವಾರಂಟಿ ಬಹುತೇಕ ಅಂಗಡಿಯವರದು, ಕಂಪನಿಯದಲ್ಲ. ರಿಯಾಯಿತಿಯ ಮೊತ್ತ ಒಂದು ಸರ್ವೀಸಿನ ಖರ್ಚಿಗಿಂತ ಕಡಿಮೆಯಿದ್ದರೆ ಅಧಿಕೃತ ಅಂಗಡಿಯಲ್ಲೇ ಕೊಳ್ಳಿ.

ಮನೆಗೆ ತಂದ ದಿನ

ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ಮುಳ್ಳುಗಳಿರುವಾಗ ತಾರೀಕನ್ನು ಕ್ರೌನಿನಿಂದ ಬದಲಿಸಬೇಡಿ. ಆ ಹೊತ್ತಿಗೆ ತಾರೀಕು ತಳ್ಳುವ ಕಡ್ಡಿ ಚಕ್ರದ ಹಲ್ಲಿಗೆ ತಾಗಿರುತ್ತದೆ. ನೀವೂ ತಳ್ಳಿದರೆ ಹಲ್ಲು ಮುರಿಯಬಹುದು. ಮುಳ್ಳನ್ನು ಮೊದಲು ಆರು ಗಂಟೆಗೆ ತಂದು, ಆಮೇಲೆ ತಾರೀಕು ಹಾಕಿ. ಸ್ಪೀಕರ್, ಟ್ಯಾಬ್ಲೆಟ್ಟಿನ ಮುಚ್ಚಳ, ಬ್ಯಾಗಿನ ಅಯಸ್ಕಾಂತದ ಗುಂಡಿ ಇವುಗಳಿಂದ ದೂರವಿಡಿ. ಸರಿಯಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಹೇರ್‌ಸ್ಪ್ರಿಂಗಿನ ಸುರುಳಿಗಳು ಕಾಂತ ಹಿಡಿದು ಒಂದಕ್ಕೊಂದು ಅಂಟಿರುವ ಸಂಭವವೇ ಹೆಚ್ಚು. ಕಾಂತ ತೆಗೆಯುವ ಯಂತ್ರದಲ್ಲಿ ಅರೆ ನಿಮಿಷದ ಕೆಲಸ ಅದು. ಅದಕ್ಕೆ ಪೂರ್ಣ ಸರ್ವೀಸ್ ಮಾಡಿಸಬೇಡಿ.

ವಾರಂಟಿ ಕಾರ್ಡಿನಲ್ಲಿ ತಾರೀಕು, ಅಂಗಡಿಯ ಮುದ್ರೆ, ವಾಚಿನ ಹಿಂಬದಿಯ ಸೀರಿಯಲ್ ಸಂಖ್ಯೆ ತಾಳೆಯಾಗುತ್ತವೆಯೇ ಅಲ್ಲೇ ನೋಡಿಕೊಳ್ಳಿ. ಚೈನು ಗಿಡ್ಡ ಮಾಡಿಸಿದಾಗ ತೆಗೆದ ಕೊಂಡಿ, ಪಿನ್ನುಗಳನ್ನು ಕೇಳಿ ಪಡೆದು ಡಬ್ಬಿಯಲ್ಲೇ ಇಡಿ. ಮುಂದೆ ಕೈ ದಪ್ಪವಾದರೂ, ವಾಚು ಮಾರುವ ಮನಸ್ಸಾದರೂ ಅವು ಬೇಕಾಗುತ್ತವೆ.