ರೇಂಜಿನಲ್ಲಿ ದಾರ, ಮೊಳೆ, ಕೀಲಿ: ನನ್ನ ಅನುಭವ

ನಮ್ಮ ಹುಬ್ಬಳ್ಳಿಯ ಏರ್ ಗನ್ ಶೂಟಿಂಗ್ ರೇಂಜಿನಲ್ಲಿ, ಬಂದೂಕಿನ ದಾರ ಕೌಂಟರಿಗೆ ಕೊಟ್ಟರಷ್ಟೇ ಗುಂಡು ಕೈಗೆ ಬರುವ ಟೋಕನ್ ಪದ್ಧತಿ ತಂದು ವರ್ಷದ ಮೇಲಾಯಿತು. ‘ಎರಡ ತಿಂಗಳು ಭಾಳಾತು, ಆಮ್ಯಾಲೆ ನೀವ ಬಿಡ್ತೀರಿ’ ಅಂದವರೇ ಈಗ ಆ ದಾರ ನೇತು ಹಾಕುವ ಮೊಳೆಯ ಹಲಗೆಯ ಅಳತೆ ಕೇಳಿ ಫೋನ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ವಾಸಿ. ನಿಲುವು, ಉಸಿರು, ಟ್ರಿಗರ್ ಎಲ್ಲ ಇದನ್ನು ಓದುವವರಿಗೆ ಗೊತ್ತಿದ್ದದ್ದೇ, ಅದಕ್ಕೆ ಕೈ ಹಾಕುವುದಿಲ್ಲ. ದಿನಾ ಹೊಸಬರು ಬರುವ ರೇಂಜಿನಲ್ಲಿ ನಿಯಮವನ್ನು ಗೋಡೆಗೆ ಬರೆದು ಉಪಯೋಗವಿಲ್ಲ, ಅದನ್ನು ಬಂದವರ ಕೈಗೇ ಕೊಡಬೇಕು. ಅದನ್ನು ನಾನು ಹೇಗೆ ಮಾಡಿದೆ, ಎಷ್ಟು ಹಣ ಹೋಯಿತು ಅನ್ನುವುದಷ್ಟೇ ಇಲ್ಲಿದೆ.

ಗೋಕುಲ ರಸ್ತೆಯ ಕಡೆ ಒಂದು ಹಳೆಯ ಗೋಡೌನ್. ತಗಡಿನ ಚಾವಣಿ, ಅದರ ಕೆಳಗೆ ಪಿಒಪಿ ಸೀಲಿಂಗ್, ಒಬ್ಬೊಬ್ಬರು ನಿಂತು ಹೊಡೆಯುವ ಆರು ಲೇನ್, ಗುರಿಗೆ ಹತ್ತು ಮೀಟರ್. ಬಾಡಿಗೆ ಆಗ ಹದಿನೆಂಟು ಸಾವಿರದ ಆಸುಪಾಸು. ಬರೀ ಕಾಯಂ ಮೆಂಬರುಗಳನ್ನು ನಂಬಿದರೆ ಬಾಡಿಗೆಯೂ ಹುಟ್ಟುವುದಿಲ್ಲ, ಅದಕ್ಕೇ ತಾಸಿನ ಲೆಕ್ಕದ ಗಿರಾಕಿಗಳಿಗೂ ಬಾಗಿಲು ತೆಗೆದಿದ್ದೇನೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದರು. ಅದೇ ವರ್ಷ ನಮ್ಮ ಹುಬ್ಬಳ್ಳಿಯ ಶೂಟರ್ ಶ್ರೀಹರ್ಷ ದೇವರಡ್ಡಿ ಪ್ಯಾರಾಲಿಂಪಿಕ್ಸ್‌ಗೆ ಹೋದರು. ಅಲ್ಲಿಂದ ಮುಂದೆ ಶನಿವಾರ, ರವಿವಾರ ಕಾಲಿಡಲು ಜಾಗವಿಲ್ಲ. ಎಂಜಿನಿಯರಿಂಗ್ ಹುಡುಗರು, ಮಕ್ಕಳನ್ನು ಕರೆತಂದ ಪಾಲಕರು, ಹುಟ್ಟುಹಬ್ಬದ ಗುಂಪುಗಳು. ಇವರಲ್ಲಿ ಬಹಳ ಮಂದಿ ಬಂದೂಕು ಮುಟ್ಟಿದ್ದು ಸಿದ್ಧಾರೂಢ ಮಠದ ಜಾತ್ರೆಯಲ್ಲಿ, ಬಲೂನಿನ ಅಂಗಡಿ ಮುಂದೆ. ಅಲ್ಲಿ ಅಂಗಡಿಯವನೇ ತುಂಬಿಕೊಡುತ್ತಾನೆ. ಬಲೂನು ಒಡೆದ ಕೂಡಲೇ ಇವರು ಬಂದೂಕು ಹಿಡಿದೇ ಹಿಂದೆ ನಿಂತ ಗೆಳೆಯರ ಕಡೆ ತಿರುಗಿ ನಗುತ್ತಾರೆ. ಆ ತಿರುಗುವ ಚಾಳಿಯನ್ನು ರೇಂಜಿಗೂ ತಂದರು.

ಒಂದು ಸಂಜೆ ಮೂರನೇ ಲೇನ್‌ನಲ್ಲಿದ್ದ ಹುಡುಗ ರೈಫಲ್ ಎತ್ತಿಕೊಂಡು ಸೆಲ್ಫಿಗೆ ತಿರುಗಿದ. ಬ್ಯಾರಲ್ ನಾಲ್ಕನೇ ಲೇನ್‌ನವನ ಕಿವಿಯ ಪಕ್ಕದಿಂದ ಹಾದು, ಬೆಂಚಿನ ಮೇಲೆ ಕೂತಿದ್ದವರನ್ನು ಸವರಿಕೊಂಡು ಮೇಲೆ ಹೋಯಿತು. ‘ಖಾಲಿ ಅದರೀ ಸರ್, ನೋಡ್ರಿ ಬೇಕಂದ್ರ’ ಅಂತ ಟ್ರಿಗರ್ ಎಳೆದ. ಪಿಒಪಿಯಲ್ಲಿ ತೂತು ಬಿತ್ತು, ಅವನ ತಲೆಯ ಮೇಲೆಯೇ ಬಿಳಿ ಪುಡಿ ಸುರಿಯಿತು. ತೂತು ಈಗಲೂ ಇದೆ, ಸುತ್ತ ಕೆಂಪು ಬಣ್ಣದಲ್ಲಿ ಗೆರೆ ಎಳೆಸಿದ್ದೇನೆ. ಏರ್ ಗನ್ನಿನ ಬೋರು (ಬ್ಯಾರಲ್ಲಿನ ಒಳ ಅಗಲ) .177 ಇಂಚು, ಹೊಡೆತದ ಶಕ್ತಿ 20 ಜೂಲ್ ಒಳಗೆ ಇದ್ದರೆ ಲೈಸೆನ್ಸ್ ಬೇಡ ಅನ್ನುವ ಮಾತೇ ಜನರನ್ನು ಕೆಡಿಸಿದೆ. ಲೈಸೆನ್ಸ್ ಬೇಡದ್ದೆಲ್ಲ ಆಟಿಕೆ ಅಂದುಕೊಳ್ಳುತ್ತಾರೆ. ಕಣ್ಣು ಹೋಗಲು ಅದರ ಅರ್ಧವೂ ಬೇಕಾಗಿಲ್ಲ.

ಟೋಕನ್‌ಗೆ ಮೊದಲು ದುಡ್ಡು ಹೋದ ದಾರಿಗಳನ್ನು ಹೇಳುತ್ತೇನೆ. ಮೊದಲು ಫ್ಲೆಕ್ಸ್. ಹನ್ನೆರಡು ನಿಯಮ, ದೊಡ್ಡ ಅಕ್ಷರ, ಸುಮಾರು ಒಂಬೈನೂರು ರೂಪಾಯಿ. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರೇ ಹೊರತು ಓದಿದವರನ್ನು ನಾನು ಕಾಣೆ. ಆಮೇಲೆ ದಂಡ, ತಪ್ಪಿಗೆ ಐವತ್ತು ರೂಪಾಯಿ. ಹುಡುಗರು ಮೊದಲೇ ನೋಟು ಕೌಂಟರಿನ ಮೇಲಿಟ್ಟು, ‘ತಗೋರಿ ಸರ್, ಒಂದ ಫೋಟೋ ತಕ್ಕೊಂಡು ಕೊಡ್ತೇನಿ’ ಅನ್ನತೊಡಗಿದರು. ಕೆಂಪು-ಹಸಿರು ಬಲ್ಬ್ ಹಾಕಿಸಿದೆ, ವೈರಿಂಗ್ ಸೇರಿ ನಾಲ್ಕೂವರೆ ಸಾವಿರದಷ್ಟು. ಕರೆಂಟು ಹೋದಾಗ ಕೆಂಪೂ ಇಲ್ಲ, ಹಸಿರೂ ಇಲ್ಲ. ಕೆಂಪು ಇಲ್ಲ ಅಂದರೆ ಹೊಡೆಯಬಹುದು ಅಂತ ಅರ್ಥ ಮಾಡಿಕೊಂಡವರೂ ಸಿಕ್ಕರು. ತಿಂಗಳಿಗೆ ಹತ್ತು ಸಾವಿರ ಕೊಟ್ಟು ಒಬ್ಬ ಹುಡುಗನನ್ನು ಬರೀ ಕಣ್ಣಿಡಲು ಇಟ್ಟುಕೊಂಡೆ. ಹುಡುಗ ಒಳ್ಳೆಯವನೇ. ಆದರೆ ಒಂದು ಲೇನ್‌ನಲ್ಲಿ ಪೆಲೆಟ್ (ಏರ್ ಗನ್ನಿನ ಸಣ್ಣ ಸೀಸದ ಗುಂಡು) ಸಿಕ್ಕಿಕೊಂಡರೆ ಅತ್ತ ಹೋಗುತ್ತಾನೆ, ಉಳಿದ ಐದು ಲೇನ್ ಅಷ್ಟು ಹೊತ್ತು ದೇವರ ಪಾಲು.

ಎಲ್ಲಕ್ಕಿಂತ ಕೆಟ್ಟದ್ದು ಸೀಟಿ. ಹಿಂದಿನಿಂದ ಸೀಟಿ ಊದಿದರೆ, ಕೂಗಿದರೆ, ಹೊಸಬ ಮೊದಲು ಮಾಡುವುದು ತಿರುಗುವುದು. ಬಂದೂಕು ಕೈಯಲ್ಲೇ ಇರುತ್ತದೆ. ಕೂಗುವ ರೇಂಜ್ ಆಫೀಸರ್‌ಗಿಂತ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ‘ಟೇಬಲ್ ಮ್ಯಾಲಿಡ್ರಿ’ ಅನ್ನುವವನು ಮೇಲು. ಈ ಮಾತಿಗೆ ನನ್ನ ಜೊತೆ ವಾದ ಮಾಡುವವರು ಒಂದು ರವಿವಾರ ನಮ್ಮಲ್ಲಿ ಬಂದು ನಿಲ್ಲಲಿ.

ಟೋಕನ್ ವಿಚಾರ ಹೊಳೆಸಿದವರು ಒಬ್ಬ ರಿಟೈರ್ಡ್ ಸ್ಟೇಷನ್ ಮಾಸ್ತರರು. ಮೊಮ್ಮಗನನ್ನು ಕರೆದುಕೊಂಡು ಬಂದು ಬೆಂಚಿನ ಮೇಲೆ ಕೂತಿರುತ್ತಿದ್ದರು. ನನ್ನ ಕೂಗಾಟ ನೋಡಿ ಸಾಕಾಗಿ ಒಂದು ದಿನ ಅಂದರು: ‘ತಮ್ಮಾ, ಸಿಂಗಲ್ ಲೈನ್‌ನ್ಯಾಗ ನಾವು ಟೋಕನ್ ಕೈಗೆ ಬರದ ಗಾಡಿ ಬಿಡತಿರಲಿಲ್ಲ. ಡಿಆರ್‌ಎಂ ಅಂದ್ರ ನಮ್ಮ ದೊಡ್ಡ ಸಾಹೇಬ್ರು ಬಂದು ಎದುರಿಗೆ ನಿಂತರೂ ಬಿಡತಿರಲಿಲ್ಲ. ನಿಮ್ಮಲ್ಲಿ ಟೋಕನ್ ಎಲ್ಲದ?’ ಒಂದೇ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾಗದಂತೆ ಡ್ರೈವರನ ಕೈಗೆ ಕೊಡುತ್ತಿದ್ದ ಗುರುತು ಅದು.

ನಮ್ಮಲ್ಲಿ ಟೋಕನ್ ಇತ್ತು, ಬಳಸುವ ರೀತಿ ಇರಲಿಲ್ಲ. ಬ್ಯಾರಲ್‌ನಲ್ಲಿ ಹಾಕುವ ಕಿತ್ತಳೆ ಬಣ್ಣದ ಸೇಫ್ಟಿ ಫ್ಲ್ಯಾಗ್, ಅಂದರೆ ಬಂದೂಕು ಖಾಲಿ ಅಂತ ತೋರಿಸುವ ದಾರ, ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದಲ್ಲಿ ಇದ್ದದ್ದೇ. ಮ್ಯಾಚಿಗೆ ಹೋಗುವವರ ಕಿಟ್‌ನಲ್ಲೂ ಇರುತ್ತದೆ. ಅದನ್ನು ಹಾಕಿದರೆ ಹಾಕಿದರು, ಬಿಟ್ಟರೆ ಬಿಟ್ಟರು. ಆ ದಾರ ಬಂದೂಕಿನಲ್ಲಿ ಇಲ್ಲದಿದ್ದಾಗ ನನ್ನ ಹತ್ತಿರ ಇರಲೇಬೇಕು, ಬೇರೆಲ್ಲೂ ಇರಕೂಡದು ಅಂತ ಕಟ್ಟು ಮಾಡಿದೆ.

ನಡೆಯುವುದು ಹೀಗೆ. ಲೇನ್‌ಗೊಂದು ದಾರ, ತುದಿಗೆ ರಿಂಗ್, ರಿಂಗಿನ ಮೇಲೆ ನಂಬರು. ಶೂಟರ್ ಟೇಬಲ್ ಮೇಲಿರುವ ಬಂದೂಕಿನಿಂದ ದಾರ ಎಳೆದು ಕೌಂಟರಿಗೆ ತರುತ್ತಾನೆ. ನಾನು ಅದನ್ನು ಅವನ ನಂಬರಿನ ಮೊಳೆಗೆ ನೇತು ಹಾಕಿ ಹತ್ತು ಪೆಲೆಟ್‌ನ ಟ್ರೇ ಕೊಡುತ್ತೇನೆ. ಹೊಡೆದು ಮುಗಿಸಿ ಖಾಲಿ ಟ್ರೇ ತಂದರೆ ದಾರ ವಾಪಸ್. ದಾರ ಒಳಗಿದ್ದಾಗ ಬಂದೂಕು ತುಂಬಲು ಬರುವುದಿಲ್ಲ, ಕೈಯಲ್ಲಿ ಪೆಲೆಟ್ಟೂ ಇರುವುದಿಲ್ಲ. ಆರೂ ಮೊಳೆ ಖಾಲಿಯಾದರೆ ಆರೂ ಬಂದೂಕಿನಲ್ಲಿ ದಾರ ಇದೆ. ಆಗ ಎಲ್ಲರೂ ಹಳದಿ ಗೆರೆಯ ಹಿಂದೆ ಬರಬೇಕು, ಗುರಿಯ ಕಾರ್ಡ್ ಬದಲಿಸುವವರು ಮುಂದೆ ಹೋಗಬಹುದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೂ ನನ್ನ ಕಣ್ಣಿನ ಮೇಲೆ ನಿಂತ ವ್ಯವಸ್ಥೆಯೇ ಆಗುತ್ತಿತ್ತು. ಅದಕ್ಕೆ ಮೊಳೆಗಳ ಮೇಲೆ ಜಾರುವ ಒಂದು ಪ್ಲೈವುಡ್ ಪಟ್ಟಿ ಮಾಡಿಸಿದೆ. ಒಂದೇ ಒಂದು ರಿಂಗ್ ನೇತಾಡುತ್ತಿದ್ದರೂ ಪಟ್ಟಿ ಕೆಳಗೆ ಇಳಿಯುವುದಿಲ್ಲ. ಪಟ್ಟಿ ಪೂರ್ತಿ ಇಳಿದರೆ ಮಾತ್ರ ಗುರಿಯ ಕಡೆ ಹೋಗುವ ಗೇಟಿನ ಕೀಲಿ ಕೈಗೆ ಬರುತ್ತದೆ. ಕೀಲಿ ಹೊರಗಿದ್ದಷ್ಟು ಹೊತ್ತು ಪಟ್ಟಿ ಮೇಲೆ ಏಳುವುದಿಲ್ಲ. ಮೊಳೆ ಮುಚ್ಚಿರುವುದರಿಂದ ಯಾರ ದಾರವನ್ನೂ ತೆಗೆದುಕೊಳ್ಳಲು ನನಗೇ ಬರುವುದಿಲ್ಲ, ಪೆಲೆಟ್ ಕೊಡಲೂ ಬರುವುದಿಲ್ಲ. ಕೌಂಟರಿನಲ್ಲಿ ಹೊಸ ಹುಡುಗ ಕೂತರೂ ಸರಿ. ಪಟ್ಟಿಯ ಒಳಗಿನ ಕೊಂಡಿ ಹೇಗಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಡಿಗೇರನೂ ನಾನೂ ಸೇರಿ ತಲೆ ಕೆಡಿಸಿಕೊಂಡು ಮಾಡಿದ್ದು, ಒಂದಿಷ್ಟು ನಮ್ಮಲ್ಲೇ ಇರಲಿ. ಹಲಗೆ, ಪಟ್ಟಿ, ಕೂಲಿ ಎಲ್ಲ ಸೇರಿ ಎರಡೂವರೆ ಸಾವಿರದ ಒಳಗೆ ಮುಗಿಯಿತು. ಬಲ್ಬಿನ ವೈರಿಂಗಿಗೆ ಕೊಟ್ಟದ್ದಕ್ಕಿಂತ ಕಡಿಮೆ!

ದಾರದ್ದೇ ಒಂದು ಕಥೆ. ಉಣ್ಣೆ ದಾರ ಬ್ಯಾರಲ್ ಒಳಗೆ ಎಳೆ ಬಿಡುತ್ತದೆ. ಎಳನೀರಿನ ಸ್ಟ್ರಾ ಎರಡು ದಿನಕ್ಕೆ ಸೀಳುತ್ತದೆ, ಒಂದು ತುಂಡು ಒಳಗೇ ಉಳಿದು ಅದನ್ನು ತೆಗೆಯಲು ಅರ್ಧ ದಿನ ಹೋಯಿತು. ಕೊನೆಗೆ ಹುಲ್ಲು ಕತ್ತರಿಸುವ ಮಷೀನಿಗೆ ಹಾಕುವ ನೈಲಾನ್ ದಾರ ಹಿಡಿಯಿತು, ಕೃಷಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಸುತ್ತಿಟ್ಟಿದ್ದರಿಂದ ಸುರುಳಿ ಬಿದ್ದಿರುತ್ತದೆ. ಕುದಿಯುವ ನೀರಿನಲ್ಲಿ ಅದ್ದಿ, ಒಂದು ತುದಿಗೆ ಇಟ್ಟಿಗೆ ಕಟ್ಟಿ ರಾತ್ರಿ ನೇತು ಹಾಕಿದರೆ ನೆಟ್ಟಗಾಗುತ್ತದೆ. ನಾಲ್ಕೂವರೆ ಮಿ.ಮೀ. ಬೋರಿಗೆ ಮೂರು ಮಿ.ಮೀ. ದಾರ ಬೇಕು, ಅದಕ್ಕಿಂತ ಸಣ್ಣದಾದರೆ ಬಾಗುತ್ತದೆ. ಉದ್ದ ಎಷ್ಟಿರಬೇಕೆಂದರೆ ಹಿಂದೆಯೂ ಕಾಣಬೇಕು, ಬಾಯಿಂದ ಮುಂದೆಯೂ ನಾಲ್ಕು ಬೆರಳು ಹೊರಗೆ ಕಾಣಬೇಕು. ಒಬ್ಬ ಜಾಣ ಮುಂದಿನಿಂದ ಒಂದು ಗೇಣು ತುರುಕಿ ‘ಹಾಕೇನ್ರಿ’ ಅಂದಿದ್ದ. ಅಂದಿನಿಂದ ಹಿಂದಿನ ತುದಿಯನ್ನು ಉಂಡೆಯಂತೆ ದಪ್ಪ ಮಾಡಿದ್ದೇನೆ, ದಾರ ಒಳಗಿದ್ದರೆ ಬಂದೂಕು ತುಂಬುವ ಲಿವರ್ ಮುಚ್ಚಲು ಬರುವುದಿಲ್ಲ.

ಅನುಮಾನ ಪಟ್ಟವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಧಾರವಾಡದ ಕೋಚ್ ಗೆಳೆಯರೊಬ್ಬರು, ‘ಕಾರ್ಡ ಹಗ್ಗದಲೆ ಎಳಿಯೂ ಪುಲ್ಲಿ ಹಾಕಿಸ್ರಿ, ಮಂದಿ ಮುಂದ ಹೋಗೂದ ತಪ್ಪತದ. ಇದೇನು ಖಾನಾವಳಿ ಕೂಪನ್?’ ಅಂದರು. ಪುಲ್ಲಿ ಹಾಕಿದರೆ ಮುಂದೆ ಹೋಗುವುದು ತಪ್ಪುತ್ತದೆ, ಒಪ್ಪಿದೆ. ತುಂಬಿದ ಬಂದೂಕು ಹಿಡಿದು ಹಿಂದೆ ತಿರುಗುವುದು ತಪ್ಪುತ್ತದೆಯೇ? ನಮ್ಮಲ್ಲಿ ಟ್ರೇ, ದಾರ ತರಲು ಕೈ ಖಾಲಿ ಇರಬೇಕು. ಬಂದೂಕು ಟೇಬಲ್ ಮೇಲೆ ಉಳಿಯುವುದು ಅದರಿಂದಲೇ. (ಪುಲ್ಲಿಯನ್ನೂ ಮಾಡಿ ನೋಡಿದ್ದೇನೆ, ಹಳೆಯ ಸೈಕಲ್ ರಿಮ್ಮಿನಿಂದ. ಕೂಲರ್ ಗಾಳಿಗೆ ಕಾರ್ಡು ಅಲ್ಲಾಡಿ, ರೈಫಲ್‌ನವರು ನನ್ನನ್ನು ಹೊಡೆಯುವುದೊಂದು ಬಾಕಿ. ಅವರಿಗೆ ಹತ್ತು ಅಂಕ ಕೊಡುವ ನಡುವಿನ ಚುಕ್ಕೆ ಅರ್ಧ ಮಿ.ಮೀ., ಸಿಟ್ಟು ಬರದೆ ಏನು.)

ದೊಡ್ಡ ಜಗಳ ನಡೆದದ್ದು ಕಾಯಂ ಮೆಂಬರುಗಳ ಜೊತೆ. ಸ್ವಂತ ಪೆಲೆಟ್ ತರುವವರು ಡಬ್ಬಿಯನ್ನು ಕೌಂಟರಿನಲ್ಲಿ ಕೊಡಬೇಕು, ಅವರ ಡಬ್ಬಿಯಿಂದಲೇ ಹತ್ತು ಹತ್ತು ತುಂಬಿಕೊಡುತ್ತೇವೆ ಅಂದೆ. ಸ್ಟೇಟ್ ಮ್ಯಾಚ್ ಆಡಿದ ಹಿರಿಯರೊಬ್ಬರು, ‘ನನಗ ಸೇಫ್ಟಿ ಕಲಸ್ತೀರೇನು?’ ಅಂತ ಬ್ಯಾಗು ಎತ್ತಿಕೊಂಡು ಹೋದರು. ಅವರಿಗೊಂದು ವಿನಾಯ್ತಿ ಕೊಟ್ಟಿದ್ದರೆ ಆ ವಾರವೇ ಪದ್ಧತಿ ಮುಗಿಯುತ್ತಿತ್ತು, ಯಾಕೆಂದರೆ ಹೊಸಬರು ಫ್ಲೆಕ್ಸ್ ನೋಡುವುದಿಲ್ಲ, ಹಳಬರನ್ನು ನೋಡುತ್ತಾರೆ. ದೀಪಾವಳಿ ಆದಮೇಲೆ ಅವರೇ ಬಂದರು. ಮ್ಯಾಚ್ ಅಭ್ಯಾಸದ ಅರವತ್ತು ಗುಂಡಿಗೆ ಆರು ಸಲ ಕೌಂಟರಿಗೆ ಬರುವುದು ತ್ರಾಸು ಅಂದಿದ್ದು ನ್ಯಾಯವೇ. ಬೆಳಿಗ್ಗೆ ಆರರಿಂದ ಎಂಟು ಮೆಂಬರುಗಳಿಗಷ್ಟೇ ಇಟ್ಟು, ಆಗ ಅರವತ್ತರ ಟ್ರೇ ಕೊಡುತ್ತೇನೆ. ದಾರದ ಕಟ್ಟು ಮಾತ್ರ ಅದೇ.

ಸೆಲ್ಫಿಗೆ ಬೇರೆ ಮದ್ದು ಬೇಕಾಯಿತು. ಸ್ಪ್ರಿಂಗ್ ಸತ್ತ ಒಂದು ಹಳೆಯ ಬಂದೂಕಿನ ಬ್ಯಾರಲ್‌ಗೆ ಎಂ-ಸೀಲ್ ತುಂಬಿ, ಹೊರಗಿನ ಕೋಣೆಯಲ್ಲಿ ಟಾರ್ಗೆಟ್‌ನ ದೊಡ್ಡ ಚಿತ್ರದ ಮುಂದೆ ಸರಪಳಿ ಹಾಕಿ ನಿಲ್ಲಿಸಿದೆ. ಫೋಟೋಕ್ಕೆ ಇಪ್ಪತ್ತು ರೂಪಾಯಿ. ಲೇನ್ ಒಳಗೆ ಮೊಬೈಲ್ ಇಲ್ಲ ಅಂದರೆ ಈಗ ಯಾರೂ ತಕರಾರು ಮಾಡುವುದಿಲ್ಲ. ಕೆಲವು ತಿಂಗಳು ಕರೆಂಟ್ ಬಿಲ್ಲು ಅದರಿಂದಲೇ ಹೊರಟಿದೆ.

ಕಾರ್ಡಿನ ಹಿಂದೆ ಪೆಲೆಟ್ ತಡೆಯುವ ವ್ಯವಸ್ಥೆಗೆ ಪಟ್ಟ ಪಾಡನ್ನೂ ಬರೆಯಬೇಕು. ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಪ್ಲೇಟಿಗೆ ಬಿದ್ದ ಸೀಸದ ಚೂರು ತಿರುಗಿ ಗೆರೆಯವರೆಗೂ ಬರುತ್ತಿತ್ತು. ಪ್ಲೇಟನ್ನು ಕೆಳಮುಖ ಓರೆ ಮಾಡುವ ಮೊದಲು, ಅಮರಗೋಳ ಎಪಿಎಂಸಿಯಿಂದ ಹಳೆಯ ಗೋಣಿಚೀಲ ತಂದು ಚಿಂದಿ ತುಂಬಿ ಕಟ್ಟಿದೆ. ಅಗ್ಗಕ್ಕೆ ಸಿಕ್ಕವು, ನೋಡಿದರೆ ಬ್ಯಾಡಗಿ ಮೆಣಸಿನಕಾಯಿ ಚೀಲ. ಪ್ರತಿ ಹೊಡೆತಕ್ಕೂ ಸಣ್ಣಗೆ ಘಾಟು ಎದ್ದು, ಅರ್ಧ ತಾಸಿನಲ್ಲಿ ಆರೂ ಲೇನ್‌ನವರು ಸೀನುತ್ತಿದ್ದರು. ಟ್ರಿಗರ್ ಮೇಲೆ ಬೆರಳಿಟ್ಟವನು ಸೀನುವುದು ಚೇಷ್ಟೆಯಲ್ಲ, ಅವತ್ತೇ ಬಿಚ್ಚಿಸಿದೆ. ಈಗ ಓರೆ ಪ್ಲೇಟಿನ ಮುಂದೆ ಹಳೆಯ ಕನ್ವೇಯರ್ ಬೆಲ್ಟಿನ ತುಂಡು ನೇತಾಡುತ್ತವೆ. ಕನ್ನಡಕವಿಲ್ಲದೆ ಲೇನ್ ಕೊಡುವುದಿಲ್ಲ. ಕೆಳಗೆ ಬಿದ್ದ ಸೀಸವನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಳಿಯುತ್ತೇವೆ, ಒಣ ಕಸಬರಿಗೆ ಹಾಕಿದರೆ ಧೂಳು ಮೂಗಿಗೆ ಹೋಗುತ್ತದೆ. ಕೂಡಿಟ್ಟು ಗುಜರಿಗೆ ಕೊಟ್ಟರೆ ನಾಲ್ಕು ಕಾಸೂ ಬರುತ್ತದೆ. ಮಿರ್ಚಿ, ಗಿರ್ಮಿಟ್ ಪೊಟ್ಟಣ ಬಾಗಿಲ ಹೊರಗೇ ಇರಬೇಕು. ಹೊಡೆದ ಕೈ ಸೋಪು ಹಚ್ಚಿ ತೊಳೆಯದೆ ಯಾರೂ ಪೊಟ್ಟಣ ಬಿಚ್ಚುವಂತಿಲ್ಲ, ಅದರಲ್ಲೂ ಮಕ್ಕಳು.

ನಡವಳಿಕೆಯ ಸಣ್ಣ ಸಂಗತಿಗಳು ತಾವೇ ಸರಿಹೋದವು. ಹತ್ತು ಹೊಡೆದು ಕೌಂಟರಿಗೆ ಬರಲೇಬೇಕಾದ್ದರಿಂದ ಪಕ್ಕದವನು ಗುರಿ ಹಿಡಿದಾಗ ಲಿವರ್ ಬಡಿಯುವುದು, ಅವನ ಕಾರ್ಡ್ ನೋಡಿ ‘ಎಡಕ್ಕ ಹೊಂಟದ’ ಅಂತ ಉಪದೇಶ ಮಾಡುವುದು ಕಡಿಮೆಯಾಗಿದೆ. ಮಾತೆಲ್ಲ ಹಳದಿ ಗೆರೆಯ ಹಿಂದೆ. ಪಕ್ಕದವನ ಕಾರ್ಡಿಗೆ ಹೊಡೆದವನು ಈಗ ಮುಚ್ಚಿಡಲು ಬರುವುದಿಲ್ಲ, ಟ್ರೇ ಲೆಕ್ಕ ಹೇಳುತ್ತದೆ. ಇನ್ನೊಬ್ಬರ ಬಂದೂಕು ಕೇಳದೆ ಎತ್ತುವ ಚಟ ಮಾತ್ರ ಪೂರ್ತಿ ಹೋಗಿಲ್ಲ.

ಲಾಭದ ಮಾತು. ಮೊದಲು ಐನೂರರ ಡಬ್ಬಿಯಲ್ಲಿ ನೂರರಷ್ಟು ನೆಲದ ಪಾಲಾಗುತ್ತಿತ್ತು, ಕಾಲಿಟ್ಟಲ್ಲೆಲ್ಲ ಪೆಲೆಟ್. ಈಗ ಹತ್ತೋ ಹನ್ನೆರಡೋ. ಹಲಗೆಯ ಖರ್ಚು ಮೊದಲ ಎರಡು ತಿಂಗಳಲ್ಲೇ ಅದರಿಂದ ಹುಟ್ಟಿತು. ಪಿಒಪಿಯಲ್ಲಿ ಎರಡನೇ ತೂತು ಬಿದ್ದಿಲ್ಲ.

ಪಿಸ್ತೂಲಿನದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಬ್ಯಾರಲ್ ಗಿಡ್ಡ, ದಾರ ಹಗುರ, ಟೇಬಲ್ ಅಲ್ಲಾಡಿದರೆ ಜಾರುತ್ತದೆ. ರಿಂಗಿನ ಬದಲು ಬೇರೆ ಏನೋ ಹಚ್ಚಿ ನೋಡುತ್ತಿದ್ದೇನೆ, ಕೂಡಿ ಬಂದರೆ ಹೇಳುತ್ತೇನೆ. ಗದಗಿನ ಗೆಳೆಯರೊಬ್ಬರು ನಾಲ್ಕು ಲೇನ್‌ಗೆ ಇದನ್ನೇ ಮಾಡಿಸಿದರು. ಅವರಲ್ಲಿ ಪುಲ್ಲಿ ಇದೆ, ಹಾಗಾಗಿ ಪಟ್ಟಿ, ಕೀಲಿ ಬೇಡ, ದಾರ ಮೊಳೆ ಸಾಕು ಅಂದಿದ್ದರು. ಒಂದು ರವಿವಾರ ಹಗ್ಗ ನಡುವೆ ಸಿಕ್ಕಿ, ಬಿಡಿಸಲು ಹುಡುಗ ಮುಂದೆ ಹೋಗಿದ್ದಾಗಲೇ ಎರಡನೇ ಲೇನ್‌ನವನು ದಾರ ಕೊಟ್ಟು ಟ್ರೇ ಕೇಳಿದನಂತೆ. ಮರುದಿನ ಫೋನ್ ಮಾಡಿ ಬಡಿಗೇರನ ನಂಬರ್ ಇಸಿದುಕೊಂಡರು. ಅವನೀಗ ಮೂರೂವರೆ ಸಾವಿರ ಹೇಳುತ್ತಾನಂತೆ.