ಸಿಹಿಗುಂಬಳ ಕೈಮಾ ಸೂಪ್: ನಾನು ಮಾಡುವ ಕ್ರಮ

ಸಿಹಿಗುಂಬಳದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಕೈಮಾದಲ್ಲೂ ಅರ್ಧಕ್ಕಿಂತ ಹೆಚ್ಚು ನೀರು. ಎರಡನ್ನೂ ಒಟ್ಟಿಗೆ ಕುಕ್ಕರಿಗೆ ತುಂಬಿ, ಮೇಲೆ ಇನ್ನೆರಡು ಲೋಟ ನೀರು ಸುರಿದು ಮೂರು ವಿಷಲ್ ಕೂಗಿಸಿದರೆ ಸಿಗುವುದು ಸಿಹಿ ಕಲಗಚ್ಚು. ಮಾಂಸ ಬೂದು ಬಣ್ಣಕ್ಕೆ ತಿರುಗಿ ಮುದ್ದೆಗಟ್ಟಿರುತ್ತದೆ, ಕಾಯಿ ಕರಗಿ ಎಲ್ಲೋ ಹೋಗಿರುತ್ತದೆ. ಅದಕ್ಕೇ ನಾನು ಕಾಯಿಯ ನೀರನ್ನು ಒಂದು ಕಡೆ, ಮಾಂಸದ ನೀರನ್ನು ಇನ್ನೊಂದು ಕಡೆ ಮೊದಲು ಇಂಗಿಸಿ, ಆ ಜಾಗಕ್ಕೆ ಮೂಳೆಯ ರಸ ಸೇರಿಸುತ್ತೇನೆ. ರಸ ಮುಂಚೆಯೇ ತೆಗೆದಿಟ್ಟಿದ್ದರೆ ಉಳಿದದ್ದಕ್ಕೆ ಒಂದು ಗಂಟೆ ಸಾಕು.

ಐದು ಜನಕ್ಕೆ ಅಳತೆ: ಸಿಪ್ಪೆ ಸಮೇತ ಒಂದೂಕಾಲು ಕೆಜಿ ಸಿಹಿಗುಂಬಳ, 400 ಗ್ರಾಂ ಮಟನ್ ಕೈಮಾ, 300 ಗ್ರಾಂ ಮೂಳೆ, ಮಧ್ಯಮ ಗಾತ್ರದ ಎರಡು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಎರಡು ಹಸಿಮೆಣಸಿನಕಾಯಿ, ಒಂದು ಟೀ ಚಮಚ ಜೀರಿಗೆ, ಒಂದೂವರೆ ಟೀ ಚಮಚ ಕಾಳುಮೆಣಸು, ಬೆರಳಿನ ಅರ್ಧದಷ್ಟು ಚಕ್ಕೆ, ಒಂದು ಬಟ್ಟಲು ಹಿತಕಿದ ಅವರೆಬೇಳೆ, ಮೂರು ದೊಡ್ಡ ಚಮಚ ಎಣ್ಣೆ, ಒಂದು ಚಮಚ ಬೆಣ್ಣೆ, ಅರ್ಧ ನಿಂಬೆಹಣ್ಣು. ಅವರೆಬೇಳೆ ಇಲ್ಲದಿದ್ದರೂ ಸೂಪ್ ಆಗುತ್ತದೆ. ಆದರೆ ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನ ಯಾವ ಮಾರ್ಕೆಟ್ಟಿಗೆ ಹೋದರೂ ಸೊಗಡವರೆ ರಾಶಿ ಬಿದ್ದಿರುವಾಗ ಅದನ್ನು ಬಿಟ್ಟು ಮಾಡುವುದು ಯಾಕೆ? ಹೊಟ್ಟೆ ತುಂಬುವ ಗಟ್ಟಿತನ ಬರುವುದು ಅದರಿಂದಲೇ. ಅವರೆಗೂ ಕೈಮಾಗೂ ನಮ್ಮ ಕಡೆ ಹಳೇ ನಂಟು.

ಕಾಯಿ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಹುಳಿಗೆ, ಪಲ್ಯಕ್ಕೆ ತರುವ ಹಸಿರು ಸಿಪ್ಪೆಯ ಎಳೆ ಕಾಯಿ ಇದಕ್ಕೆ ಆಗಿಬರುವುದಿಲ್ಲ. ಬಲಿತದ್ದೇ ಬೇಕು: ತೊಟ್ಟು ಒಣಗಿ ಗಟ್ಟಿಯಾಗಿರಬೇಕು, ಸಿಪ್ಪೆಗೆ ಉಗುರು ಊರಿದರೆ ಇಳಿಯಬಾರದು, ಗಾತ್ರಕ್ಕಿಂತ ತೂಕ ಹೆಚ್ಚೆನಿಸಬೇಕು. ಹೋಳು ಮಾಡಿ ಮಾರುವ ಕಡೆ ಕೊಂಡರೆ ಒಳಗನ್ನು ನೋಡಿಯೇ ಕೊಳ್ಳಬಹುದು. ತಿರುಳು ಗಾಢ ಕಿತ್ತಳೆ ಬಣ್ಣದ್ದಾಗಿ, ಬೆರಳಾಡಿಸಿದರೆ ಒಣಗಿದಂತಿರಬೇಕು. ಬೀಜದ ಸುತ್ತ ನಾರು ಜೋತುಬಿದ್ದು ನೀರು ಜಿನುಗುತ್ತಿದ್ದರೆ ಬೇಡ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿ ಸಿಕ್ಕರೆ ಬಿಡಬೇಡಿ, ಅದರ ತಿರುಳು ಗಟ್ಟಿ, ಬಣ್ಣ ಗಾಢ. ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುವ, ಉದ್ದ ಕುತ್ತಿಗೆಯ ಬಟರ್‌ನಟ್ ಕೂಡ ಚೆನ್ನಾಗಿಯೇ ಇರುತ್ತದೆ, ನೀರು ಸ್ವಲ್ಪ ಕಡಿಮೆ. ಅದಕ್ಕೆ ಕೊಡುವ ದುಡ್ಡಿಗೆ ಒಳ್ಳೆಯ ನಾಟಿ ಕುಂಬಳ ಮೂರು ಸಲಕ್ಕಾಗುವಷ್ಟು ಬರುತ್ತದೆ ಎಂಬುದು ಬೇರೆ ಮಾತು.

ಹೆಚ್ಚುವ ಮುಂಚೆ ಹಸಿ ತಿರುಳಿನ ಚೂರೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿಯನ್ನು ಎಸೆಯಿರಿ. ಕುಂಬಳ, ಸೋರೆ, ಹೀರೆ ಜಾತಿಯ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಅಂಶ ಕೆಲವೊಮ್ಮೆ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಬೇಯಿಸಿದರೆ ಅದು ಹೋಗುವುದಿಲ್ಲ, ವಾಂತಿ ಭೇದಿ ಹಿಡಿಸುತ್ತದೆ. ಉಪ್ಪು ಖಾರ ಹಾಕಿ ಸರಿಮಾಡುವ ಕಹಿ ಅಲ್ಲ ಅದು.

ಮಟನ್ ಸ್ಟಾಲಿನಲ್ಲಿ ಬರೀ ಕೈಮಾ ಕೊಡಿ ಎಂದರೆ ಮೊದಲೇ ಅರೆದಿಟ್ಟದ್ದನ್ನು ತೂಗಿ ಕೊಟ್ಟಾರು. ಮುಂಗಾಲು ಅಥವಾ ಕತ್ತಿನ ಮಾಂಸ ತೋರಿಸಿ, ಅದನ್ನು ತುಂಡಿರುವಾಗಲೇ ತೊಳೆಸಿ, ನೀರು ಒರೆಸಿಸಿ, ಆಮೇಲೆ ಮೆಷಿನ್ನಿಗೆ ಒಂದೇ ಸಲ ಹಾಕಿಸಿ. ಕತ್ತಿಯಲ್ಲೇ ಕೊಚ್ಚಿ ಕೊಡುವವರಿದ್ದರೆ ಇನ್ನೂ ಒಳ್ಳೆಯದು. ಎರಡು ಸಲ ಅರೆದ ಕೈಮಾ ಉಂಡೆಗೆ ಸರಿ, ಸೂಪಿನಲ್ಲಿ ಹಿಟ್ಟುಹಿಟ್ಟಾಗುತ್ತದೆ. ಕೊಬ್ಬು ಐದರಲ್ಲಿ ಒಂದು ಪಾಲು ಇರಲಿ. ಮನೆಗೆ ತಂದ ಮೇಲೆ ಕೈಮಾ ತೊಳೆಯಲೇಬೇಡಿ. ಎಷ್ಟು ಹಿಂಡಿದರೂ ಆ ನೀರು ಪೂರ್ತಿ ಹೋಗುವುದಿಲ್ಲ, ಬಾಣಲೆಯಲ್ಲಿ ಅದು ಕುದಿಯುತ್ತಿರುವಷ್ಟು ಹೊತ್ತೂ ಮಾಂಸ ಕೆಂಪಗಾಗುವುದಿಲ್ಲ.

ಮೂಳೆಯ ರಸದ್ದು ಹೆಚ್ಚು ಹೇಳುವಂಥದ್ದಿಲ್ಲ. ಮೂಳೆಯನ್ನು ಕುದಿಯುವ ನೀರಿನಲ್ಲಿ ಮೂರು ನಿಮಿಷ ಹಾಕಿ, ನೊರೆ ಬಂದ ಆ ನೀರು ಚೆಲ್ಲಿ, ಹೊಸದಾಗಿ ಒಂದೂವರೆ ಲೀಟರ್ ನೀರು, ಅರ್ಧ ಈರುಳ್ಳಿ, ಚಕ್ಕೆ ಹಾಕಿ ಕುಕ್ಕರ್ ಮುಚ್ಚಿ. ಒಂದು ವಿಷಲ್ ಬಂದ ಮೇಲೆ ಉರಿ ಸಣ್ಣಗೆ ಮಾಡಿ ಮುಕ್ಕಾಲು ಗಂಟೆ. ತೆರೆದ ಪಾತ್ರೆಯಲ್ಲೂ ಆಗುತ್ತದೆ, ಆದರೆ ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ನಮ್ಮೂರಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಮೂಳೆ ಬಿಡಿಸಿಕೊಳ್ಳಲು ಮೂರ್ನಾಲ್ಕು ಗಂಟೆ ಕಾಯಬೇಕು. ಸೋಸಿ ಮೇಲಿನ ಜಿಡ್ಡು ತೆಗೆದರೆ ಒಂದೂಕಾಲು ಲೀಟರಿನಷ್ಟು ಉಳಿಯುತ್ತದೆ.

ಕುಂಬಳವನ್ನು ಸಿಪ್ಪೆ ಸಮೇತ ಎರಡಿಂಚು ದಪ್ಪದ ಹೋಳು ಮಾಡಿ, ಬೀಜ ತೆಗೆದು, ಒಂದು ಚಮಚ ಎಣ್ಣೆ ಸವರಿ, ತಿರುಳಿನ ಕಡೆ ಟ್ರೇಗೆ ತಾಗುವಂತೆ ಜೋಡಿಸಿ, 200 ಡಿಗ್ರಿಗೆ ಕಾದ ಓಟಿಜಿಯಲ್ಲಿ 35ರಿಂದ 40 ನಿಮಿಷ ಇಡಿ. ಹೋಳು ಹೋಳಿಗೆ ಅಂಟಿಕೊಂಡಿರಬಾರದು. ಒತ್ತೊತ್ತಾಗಿ ತುಂಬಿದರೆ ಅವು ಸುಡುವ ಬದಲು ತಮ್ಮದೇ ಹಬೆಯಲ್ಲಿ ಬೇಯುತ್ತವೆ. ಚಿಕ್ಕ ಓಟಿಜಿ ಇದ್ದರೆ ಎರಡು ಕಂತಿನಲ್ಲಿ ಮಾಡಿ. ಅಂಚು ಕಂದಾಗಿ, ಚಾಕು ಸಲೀಸಾಗಿ ಇಳಿದರೆ ಆಯಿತು. ಚಮಚದಲ್ಲಿ ಕೆರೆದರೆ ತಿರುಳು ಬಿಟ್ಟುಕೊಳ್ಳುತ್ತದೆ, 600 ಗ್ರಾಂ ಹತ್ತಿರ ಬರುತ್ತದೆ. ಓಟಿಜಿ ಇಲ್ಲದವರು ಸಿಪ್ಪೆ ತೆಗೆದು ಅರ್ಧ ಇಂಚಿನ ಬಿಲ್ಲೆ ಮಾಡಿ, ದೋಸೆ ಕಾವಲಿಯ ಮೇಲೆ ಒಂದೊಂದು ಕಡೆ ಆರೇಳು ನಿಮಿಷ ಕೆಂಪಗೆ ಸುಟ್ಟು, ಕೊನೆಗೆ ಮಾತ್ರ ಐದು ನಿಮಿಷ ಮುಚ್ಚಬೇಕು. ಮೊದಲೇ ಮುಚ್ಚಿದರೆ ನೀರು ಬಿಟ್ಟುಕೊಂಡು ಪಲ್ಯವಾಗುತ್ತದೆ.

ಇನ್ನು ಕೈಮಾ. ದಪ್ಪ ತಳದ ಅಗಲ ಬಾಣಲೆ, ಕಬ್ಬಿಣದ್ದಾದರೆ ಉತ್ತಮ. ಒಂದು ಚಮಚ ಎಣ್ಣೆ ಹೊಗೆಯಾಡುವ ಹಂತಕ್ಕೆ ಕಾದ ಮೇಲೆ ಅರ್ಧ ಕೈಮಾ, ಅಂದರೆ 200 ಗ್ರಾಂ ಮಾತ್ರ ಹಾಕಿ, ರೊಟ್ಟಿ ತಟ್ಟಿದ ಹಾಗೆ ಸೌಟಿನಿಂದ ಒತ್ತಿ ಹರಡಿ, ಕೈ ಕಟ್ಟಿ ನಿಲ್ಲಿ. ಕೆದಕಬಾರದು. ಮೊದಲು ಅಂಚಿನಿಂದ ತೆಳ್ಳಗಿನ ಬೂದು ನೀರು ಒಸರಿ ಗುಳುಗುಳು ಎನ್ನುತ್ತದೆ. ಎರಡು ಮೂರು ನಿಮಿಷಕ್ಕೆ ಆ ನೀರು ಬತ್ತಿ, ಕೊಬ್ಬು ಕರಗಿ, ಸದ್ದು ಸಣ್ಣಗೆ ಚಟಪಟಕ್ಕೆ ತಿರುಗುತ್ತದೆ. ಈ ಸದ್ದು ಬದಲಾದ ಮೇಲೇ ಮಾಂಸ ಕೆಂಪಗಾಗಲು ಶುರು. ಇನ್ನೂ ಎರಡು ನಿಮಿಷ ಬಿಟ್ಟು ಮಗುಚಿ, ತಳ ಇಟ್ಟಿಗೆ ಬಣ್ಣಕ್ಕೆ ಬಂದಿದ್ದರೆ ಸೌಟಿನ ಅಂಚಿನಿಂದ ಪುಡಿಮಾಡಿ ತೆಗೆದಿಡಿ. ಉಳಿದರ್ಧವೂ ಹಾಗೇ. 400 ಗ್ರಾಮನ್ನು ಒಟ್ಟಿಗೆ ಸುರಿದರೆ ಬಾಣಲೆಯ ಕಾವು ಇಳಿದು ನೀರೇ ನಿಲ್ಲುತ್ತದೆ. ಉಪ್ಪನ್ನು ಕೆಂಪಾದ ಮೇಲೆ ಹಾಕಿ, ಮುಂಚೆ ಹಾಕಿದರೆ ನೀರು ಬೇಗ ಬಿಡುತ್ತದೆ.

ಅದೇ ಬಾಣಲೆಯಲ್ಲಿ ಬಿಟ್ಟ ಕೊಬ್ಬು ಒಂದು ಚಮಚಕ್ಕಿಂತ ಹೆಚ್ಚಿದ್ದರೆ ಬಗ್ಗಿಸಿಬಿಡಿ. ಬೆಣ್ಣೆ, ಜೀರಿಗೆ, ಉಳಿದ ಒಂದೂವರೆ ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿ ಎಂಟು ನಿಮಿಷ ಬಾಡಿಸಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಸೀಳಿದ ಮೆಣಸಿನಕಾಯಿ ಸೇರಿಸಿ ಇನ್ನೊಂದು ನಿಮಿಷ. ತಳಕ್ಕೆ ಹತ್ತಿದ ಕಂದು ಗಸಿ ಕಪ್ಪಾಗಿಲ್ಲ ತಾನೇ? ಆಗಿಲ್ಲದಿದ್ದರೆ ಒಂದು ಸೌಟು ಬಿಸಿ ರಸ ಹುಯ್ದು, ಮರದ ಸೌಟಿನಿಂದ ಕೆರೆದು ಕರಗಿಸಿ, ಸೂಪಿನ ಬಣ್ಣವೂ ರುಚಿಯೂ ಇರುವುದು ಅಲ್ಲೇ. ಕಪ್ಪಾಗಿದ್ದರೆ ಮಾತ್ರ ಬೇರೆ ಪಾತ್ರೆ ತೆಗೆದುಕೊಳ್ಳಿ, ಆ ಕಹಿಯನ್ನು ಕುಂಬಳದ ಸಿಹಿ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಕೈಮಾವನ್ನು ವಾಪಸು ಹಾಕಿ, ಒಂದು ಲೀಟರ್ ರಸ ಹುಯ್ದು, ಸಣ್ಣ ಉರಿಯಲ್ಲಿ ಮುಕ್ಕಾಲು ಮುಚ್ಚಿ 25 ನಿಮಿಷ ಬೇಯಿಸಿ. ಹತ್ತು ನಿಮಿಷ ಆದ ಮೇಲೆ ಅವರೆಬೇಳೆ ಸೇರಿಸಿ. ಮೊದಲೇ ಹಾಕಿದರೆ ಒಡೆದು ಗಸಿಯಾಗುತ್ತದೆ. ಅಷ್ಟರಲ್ಲಿ ಕುಂಬಳದ ತಿರುಳಿನಲ್ಲಿ ಮೂರನೇ ಒಂದು ಪಾಲನ್ನು ತುಂಡಾಗಿಯೇ ತೆಗೆದಿಟ್ಟು, ಉಳಿದದ್ದನ್ನು ಆರಿದ ರಸ ಒಂದು ಸೌಟು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ ಹಬೆ ಮುಚ್ಚಳವನ್ನು ಎಗರಿಸುತ್ತದೆ, ಮುಖ ಕೈ ಸುಡುತ್ತದೆ. ಜಾರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ರುಬ್ಬಿದ ಕುಂಬಳ ಕೊನೆಗೇ ಸೇರಬೇಕು, ಹತ್ತು ನಿಮಿಷ ಮಾತ್ರ. ಗಟ್ಟಿಯಾದ ಮೇಲೆ ಬಿಸಿ ಮೇಲಕ್ಕೆ ಸುತ್ತಾಡುವುದಿಲ್ಲ, ಸಕ್ಕರೆ ಅಂಶವಿರುವ ತಿರುಳು ತಳ ಹಿಡಿದು ಸೀಯುತ್ತದೆ. ಕೊತಕೊತ ಕುದ್ದು ಸಿಡಿಯುತ್ತದೆ ಬೇರೆ. ಸಣ್ಣ ಉರಿ, ಬಿಡದೆ ತಿರುವುತ್ತಿರಬೇಕು. ತಳ ಹಿಡಿದಿದೆ ಅನ್ನಿಸಿದರೆ ಕೆರೆಯದೆ, ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ. ಸೌಟಿನಿಂದ ಎತ್ತಿ ಬಿಟ್ಟರೆ ದಾರವಾಗದೆ ಮಡಿಕೆ ಮಡಿಕೆಯಾಗಿ ಬೀಳುವುದು ಹದ. ಹೆಚ್ಚು ಗಟ್ಟಿಯಾಗಿದ್ದರೆ ಉಳಿದ ರಸ ಇದೆಯಲ್ಲ. ತೆಗೆದಿಟ್ಟ ತುಂಡುಗಳನ್ನು ಒಲೆ ಆರಿಸುವ ಎರಡು ನಿಮಿಷ ಮುಂಚೆ ಬೆರೆಸಿ.

ರುಚಿ ತಿದ್ದುವುದು ಈಗ. ಬರೀ ಉಪ್ಪು ಹಾಕುತ್ತಾ ಹೋದರೆ ಸಿಹಿ ಇಳಿಯುವುದಿಲ್ಲ. ಆಗತಾನೇ ಕುಟ್ಟಿದ ಮೆಣಸು ಹಾಕಿ, ಒಲೆ ಆರಿಸಿದ ಮೇಲೆ ಅರ್ಧ ನಿಂಬೆ ಹಿಂಡಿ, ಆಮೇಲೆ ಉಪ್ಪು ನೋಡಿ. ಧನಿಯಾ ಪುಡಿ, ಮಟನ್ ಮಸಾಲೆ ಹಾಕುವ ಚಪಲ ಬೇಡ. ಹಾಕಿದಿರೋ ಅದು ಸಾರು. ರುಚಿಯಾದ ಸಾರೇ ಇರಬಹುದು, ಆದರೆ ಕುಂಬಳ ಯಾಕೆ ಸುಟ್ಟಿದ್ದು? ಕ್ರೀಮ್ ಕೂಡ ನಾನು ಹಾಕುವುದಿಲ್ಲ, ಮಾಂಸದ ಕೊಬ್ಬೇ ಸಾಕು. ನಿಂಬೆ ಹಿಂಡಿದ ಸೂಪಿಗೆ ಹಾಲು ಹುಯ್ದರಂತೂ ಒಡೆಯುತ್ತದೆ.

ಚಿಕನ್ ಕೈಮಾದಲ್ಲೂ ಮಾಡಬಹುದು. ಎದೆಯ ಮಾಂಸ ಒಣಒಣ, ತೊಡೆಯದನ್ನು ತರಿಸಿ. ಬೇಯಿಸುವ 25 ನಿಮಿಷವನ್ನು ಹದಿನೈದಕ್ಕಿಳಿಸಿ, ಅವರೆಬೇಳೆಯನ್ನು ರಸದ ಜೊತೆಗೇ ಹಾಕಿ. ಹಂದಿಯದಾದರೆ ನಿಂಬೆ ಬಿಟ್ಟು ಕೊಡಗಿನ ಕಾಚಂಪುಳಿ ಅರ್ಧ ಟೀ ಚಮಚ ಹಾಕಿ ನೋಡಿ. ಕಪ್ಪಗಿನ ಆ ಹುಳಿಗೂ ಕುಂಬಳದ ಸಿಹಿಗೂ ಬಹಳ ಹೊಂದುತ್ತದೆ. ಎರಡು ಹನಿ ಹೆಚ್ಚಾದರೂ ಮಿಕ್ಕಿದ್ದನ್ನೆಲ್ಲ ನುಂಗಿಹಾಕುತ್ತದೆ, ಜೋಕೆ.

ಬಡಿಸುವಾಗ ಬಟ್ಟಲನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ. ಕುರಿ ಮೇಕೆಯ ಕೊಬ್ಬು ಬೇಗ ಹೆಪ್ಪುಗಟ್ಟುತ್ತದೆ, ಜನವರಿಯ ರಾತ್ರಿ ತಣ್ಣನೆ ಸ್ಟೀಲ್ ಬಟ್ಟಲಿಗೆ ಹಾಕಿದರೆ ಅರ್ಧ ಕುಡಿಯುವಷ್ಟರಲ್ಲಿ ಅಂಗುಳಿಗೆ ಮೇಣದಂತೆ ಅಂಟುತ್ತದೆ. ಜೊತೆಗೆ ಬೇಕರಿಯ ಖಾರಾ ಬನ್ನನ್ನು ಅಡ್ಡ ಸೀಳಿ ಕಾವಲಿಯ ಮೇಲೆ ಬೆಣ್ಣೆಯಲ್ಲಿ ಸುಟ್ಟರೆ ಊಟವೇ ಆಯಿತು.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಆಳದ ಪಾತ್ರೆ ಬಿಟ್ಟು ಅಗಲವಾದ ಡಬ್ಬಿಯಲ್ಲಿ, ಬೇಗ ತಣಿಯಲಿ ಎಂದು. ಮೂರು ದಿನ ತಡೆಯುತ್ತದೆ. ಮಾರನೇ ದಿನ ಅವರೆಬೇಳೆ ರಸ ಹೀರಿಕೊಂಡು ಗೊಜ್ಜಿನ ಹದಕ್ಕೆ ಬಂದಿರುತ್ತದೆ. ಅರ್ಧ ಲೋಟ ಬಿಸಿನೀರು ಸೇರಿಸಿ, ಪೂರ್ತಿ ಕುದಿ ಬರಿಸಿ, ಇನ್ನೊಮ್ಮೆ ನಾಲ್ಕು ಹನಿ ನಿಂಬೆ ಹಿಂಡಿ. ನೀರು ಸೇರಿಸುವ ಗೋಜೇ ಬೇಡವೆನಿಸಿದರೆ ಆ ಗಟ್ಟಿಯನ್ನೇ ಬಿಸಿಮಾಡಿ ಅಕ್ಕಿರೊಟ್ಟಿಗೆ ನಂಚಿಕೊಳ್ಳಿ.